ಬನ್ನೂರು ಸೀಮೆಯ ಕಡಲತೀರವೂ ಹವಳದ ದಿಬ್ಬಗಳೂ: ಒಂದು ಸಂಶೋಧನೆ

ಬನ್ನೂರಿಗೆ ಕಡಲತೀರವಿಲ್ಲ ಎಂಬ ತಪ್ಪು ಕಲ್ಪನೆ ವಿದ್ವದ್ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಇದನ್ನು ಹಬ್ಬಿಸಿದವರು ಭೂಗೋಳದ ಮೇಷ್ಟರುಗಳು. ಅವರ ಬಳಿ ಇರುವ ಏಕೈಕ ಆಧಾರ ಗೋಡೆಗೆ ನೇತುಹಾಕಿದ ಭೂಪಟ. ಅದರಲ್ಲಿ ಬನ್ನೂರೇ ಸರಿಯಾಗಿ ಕಾಣುವುದಿಲ್ಲ ಎಂದಮೇಲೆ ಬನ್ನೂರಿನ ಕಡಲು ಕಂಡೀತು ಹೇಗೆ? ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಈ ಊರು ಕುರಿಗೆ ಹೆಸರಾದದ್ದೇ ಹವಳಕ್ಕೆ ಮುಳುವಾಯಿತು. ಬಂದ ಸಂಶೋಧಕರೆಲ್ಲ ಮಾಂಸದೂಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಕಣ್ಣು ಎಳೆಯುವ ಹೊತ್ತಿಗೆ ಮೈಸೂರಿನ ಬಸ್ಸು ಹತ್ತಿದ್ದಾರೆ.

ಮೊದಲಿಗೆ ಉಷ್ಣವಲಯದ ಪ್ರಶ್ನೆ. ಕರ್ಕಾಟಕ ಸಂಕ್ರಾಂತಿ ವೃತ್ತ ಇಪ್ಪತ್ಮೂರೂವರೆ ಡಿಗ್ರಿಯಲ್ಲಿದೆ; ಬನ್ನೂರು 12 ಡಿಗ್ರಿ ಚಿಲ್ಲರೆಯಲ್ಲಿದೆ. ಇಷ್ಟರ ಮೇಲೂ ಸಂಶಯವಿದ್ದವರು ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಬಸ್ಸು ಕಾಯಲಿ. ಇನ್ನು, 10 ಡಿಗ್ರಿ ದಾಟಿದೊಡನೆ ಲಕ್ಷದ್ವೀಪದ ಕವರತ್ತಿಯಲ್ಲಿ ಹವಳವಿದೆ. 14 ಡಿಗ್ರಿಯ ಹತ್ತಿರ ಮುರುಡೇಶ್ವರದಾಚೆಯ ನೇತ್ರಾಣಿಯಲ್ಲೂ ಇದೆ. ಅತ್ತ ಹತ್ತು, ಇತ್ತ ಹದಿನಾಲ್ಕು. ನಡುವಿನ ಹನ್ನೆರಡು ಏನು ಪಾಪ ಮಾಡಿತ್ತು? ಊರು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆಯಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅದು ಸಮುದ್ರದ ಕೊರತೆ. ಬನ್ನೂರು ಹೊಣೆಯಲ್ಲ.

ಕಡಲತೀರ ಇರುವುದು ಅದೇ ತಾಲ್ಲೂಕಿನ ತಲಕಾಡಿನಲ್ಲಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಮೇಲೆ, ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ಒಡವೆ ಸಮೇತ ಕಾವೇರಿಗೆ ಹಾರುತ್ತ ಮೂರು ಶಾಪ ಕೊಟ್ಟಳೆಂದು ಐತಿಹ್ಯ. ಈ ದಡ ಮರಳಾಗಬೇಕು, ಎದುರಿನ ಮಾಲಂಗಿ ಮಡುವಾಗಬೇಕು. ಮೂರನೆಯದು ಅರಮನೆಯ ಸಂತಾನದ ವಿಚಾರ, ಪ್ರವಾಸೋದ್ಯಮಕ್ಕೆ ಸಂಬಂಧಿಸಿದ್ದಲ್ಲ. ಒಂದು ಮಗ್ಗುಲಿಗೆ ಮರಳು, ಇನ್ನೊಂದು ಮಗ್ಗುಲಿಗೆ ಆಳವಾದ ನೀರು: ನಾಡಿನ ಮೊತ್ತಮೊದಲ ಬೀಚ್ ಅಭಿವೃದ್ಧಿ ಯೋಜನೆ ಇದಲ್ಲದೆ ಮತ್ತೇನು? ಟೆಂಡರ್ ಕರೆಯದೆ ಜಾರಿಯಾದ ಯೋಜನೆಯೂ ಇದೊಂದೇ ಇರಬೇಕು.

ಶಾಪವನ್ನು ಒಪ್ಪದ ಪಕ್ಷವೂ ಉಂಟು. ಕೃಷಿವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಬೇರೆ ಕಾರಣ ಹುಡುಕಿದ್ದಾರೆ. 14ನೇ ಶತಮಾನದಲ್ಲಿ ಮಾಧವಮಂತ್ರಿ ಕಟ್ಟೆ ಎದ್ದಿತು, ಹೊಳೆಯ ಪಾತ್ರ ಬತ್ತಿ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ಸುರಿಯಿತು ಎಂಬುದು ಅವರ ವಾದದ ಸಾರ. ಗಂಗರ ರಾಜಧಾನಿ ಹೀಗೆ ದೇವಸ್ಥಾನಗಳ ಸಮೇತ ಹೂತುಹೋಯಿತು. ಶಾಪವಾದಿಗಳಿಗೂ ಕಟ್ಟೆವಾದಿಗಳಿಗೂ ಎಷ್ಟೇ ಜಗಳವಿರಲಿ, ಮರಳು ಇದೆ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ನಮಗೆ ಬೇಕಾದದ್ದು ಅಷ್ಟೇ. ಭಾನುವಾರದ ಮಧ್ಯಾಹ್ನ ಅಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದವರ ಹಲ್ಲಿಗೂ ಇದು ಪ್ರತ್ಯಕ್ಷಪ್ರಮಾಣ.

ಉಬ್ಬರವಿಳಿತವಿಲ್ಲದೆ ಬೀಚು ಎಲ್ಲಿಯದು ಎನ್ನುವವರಿಗೆ ಉತ್ತರ: ಇದೆ. ಮೇಲೆ ಕೃಷ್ಣರಾಜಸಾಗರದ ಗೇಟು ತೆರೆದರೆ, ಕಬಿನಿಯಿಂದ ನೀರು ಬಿಟ್ಟರೆ, ಇಲ್ಲಿ ಉಬ್ಬರ, ಮುಚ್ಚಿದರೆ ಇಳಿತ. ಬೇರೆ ಕಡಲುಗಳನ್ನು ಚಂದ್ರ ಎಳೆಯುತ್ತಾನೆ. ನಮ್ಮದನ್ನು 2018ರಿಂದ ದಿಲ್ಲಿಯ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಎಳೆಯುತ್ತದೆ. ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಅಡಿ ದಾಟಬೇಕೆಂಬುದು ಲೆಕ್ಕ. ಚಂದ್ರನ ಲೆಕ್ಕ ಪಂಚಾಂಗದಲ್ಲಿ ಮೊದಲೇ ಸಿಗುತ್ತದೆ, ಇದರದ್ದು ಟಿವಿಯಲ್ಲಿ ಬಂದಮೇಲೆ ಗೊತ್ತಾಗುತ್ತದೆ. ಈ ತೀರಕ್ಕೆ ಇನ್ನೊಂದು ಬಗೆಯ ಇಳಿತವೂ ಇದೆ. ರಾತ್ರಿ ಹೊತ್ತು ಹೊಳೆಯ ಮರಳು ತಾನಾಗಿಯೇ ಲಾರಿ ಹತ್ತಿ ಬೆಂಗಳೂರಿನ ಕಡೆ ವಲಸೆ ಹೋಗುತ್ತದೆ. ಹಗಲು ಇದನ್ನು ಕಂಡವರಿಲ್ಲ, ರಾತ್ರಿ ಕಂಡವರು ಹೇಳುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ಪ್ರಬಂಧಕಾರನೂ ಮೌನ.

ಈಗ ಮುಖ್ಯ ವಿಷಯವಾದ ಹವಳಕ್ಕೆ ಬರೋಣ. ಹವಳದ ದಿಬ್ಬವೆಂಬುದು ಪಾಲಿಪ್ ಎಂಬ ಪುಟ್ಟ ಜೀವಿಗಳ ಸಾಮೂಹಿಕ ಕಾಮಗಾರಿ. ಒಂದೊಂದೂ ತನ್ನ ಪಾಲಿನ ಚೂರು ಸುಣ್ಣ ಸ್ರವಿಸುತ್ತದೆ. ತಲೆಮಾರಿನ ಮೇಲೆ ತಲೆಮಾರು ಅದೇ ಜಾಗಕ್ಕೆ ಸೇರಿಸುತ್ತ ಹೋಗಿ ದಿಬ್ಬ ಏಳುತ್ತದೆ. ಹೆಸರು ಹೇಳಲಾಗದ ಒಂದು ಸರ್ಕಾರಿ ಕಚೇರಿಯ ಮೆಟ್ಟಿಲ ಮೂಲೆಯಲ್ಲಿ ನಿಂತಾಗ ಈ ವ್ಯಾಖ್ಯೆ ಪ್ರಬಂಧಕಾರನಿಗೆ ಥಟ್ಟನೆ ಹೊಳೆಯಿತು. ಎಲೆಗೆ ಸವರುವ ಸುಣ್ಣ ಗಾಳಿಗೊಡ್ಡಿದರೆ ನಿಧಾನಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹವಳದ ಮೂಳೆಯೂ ಕ್ಯಾಲ್ಸಿಯಂ ಕಾರ್ಬೊನೇಟ್. ಬಣ್ಣದ ಬಗ್ಗೆ ಮಾತೇ ಬೇಡ. ಸ್ರವಿಸುವ ವಿಧಾನದಲ್ಲಿ ಮಾತ್ರ ಅಲ್ಪಸ್ವಲ್ಪ ವ್ಯತ್ಯಾಸವಿದೆ. ನಮ್ಮವರು ಎರಡು ಬೆರಳು ತುಟಿಗಿಟ್ಟು ಸ್ವಲ್ಪ ದೂರದಿಂದ ಸ್ರವಿಸುತ್ತಾರೆ.

ಚಾರ್ಲ್ಸ್ ಡಾರ್ವಿನ್ 1842ರ ತನ್ನ ಗ್ರಂಥದಲ್ಲಿ ಹವಳದ ದಿಬ್ಬಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಮೂರೂ ಈ ಒಂದೇ ಕಟ್ಟಡದಲ್ಲಿವೆ. ದಡಕ್ಕೆ ಅಂಟಿ ಬೆಳೆಯುವ ದಿಬ್ಬವು ಮೆಟ್ಟಿಲ ಪಕ್ಕದ ಗೋಡೆಗುಂಟ, ಮೊಣಕಾಲೆತ್ತರದಲ್ಲಿ, ಮೂರನೇ ಮಹಡಿಯವರೆಗೆ ಹಬ್ಬಿದೆ. ದಡದಿಂದ ತುಸು ದೂರ ನಿಲ್ಲುವ ತಡೆದಿಬ್ಬವು ವರಾಂಡದ ಕಂಬಕ್ಕಿದೆ. ಮೂರನೆಯದು ಉಂಗುರದಿಬ್ಬ, ನಡುವೆ ತಿಳಿನೀರಿನ ಕೊಳ, ಸುತ್ತ ಹವಳದ ಬಳೆ. ಇದನ್ನು ನೋಡಲೆಂದೇ ಜನ ಮಾಲ್ಡೀವ್ಸಿಗೆ ಹೋಗುತ್ತಾರೆ. ಇಲ್ಲಿ ಅದು ಉಗುಳಲೆಂದು ಇಟ್ಟ ಮರಳಿನ ಡಬ್ಬಿಯ ಸುತ್ತ ಬೆಳೆದಿದೆ. ನೆಲದ ಮೇಲೆ ಒಂದು ಮೊಳ ಅಗಲದ ಕೆಂಪು ವೃತ್ತ, ಹೊರ ಅಂಚಿನಲ್ಲಿ ಒಣಗಿ ಕಂದು, ಒಳ ಅಂಚಿನಲ್ಲಿ ಇನ್ನೂ ಹಸಿ. ಡಬ್ಬಿಯೊಳಗಿನ ಮರಳು ಮಾತ್ರ ಹೊಳೆಯಿಂದ ತಂದ ದಿನದಷ್ಟೇ ಶುಭ್ರ. ದ್ವೀಪ ನಿಧಾನಕ್ಕೆ ಮುಳುಗುವುದರಿಂದ ಉಂಗುರ ಉಳಿಯುತ್ತದೆ ಎಂದ ಡಾರ್ವಿನ್. ಗುರಿ ತಪ್ಪುವುದರಿಂದಲೂ ಉಳಿಯುತ್ತದೆ ಎಂಬುದು ನಮ್ಮ ಸೇರ್ಪಡೆ.

ಸಹಜೀವನದ ತತ್ತ್ವವೂ ಹೊಂದುತ್ತದೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಸೇರಿಕೊಂಡು ಅದಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ನೀರು ಬಿಸಿಯೇರಿದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಬಂದ ಗತಿ ಇದೇ. ನಮ್ಮಲ್ಲಿ ಆ ಪಾಚಿಯ ಕೆಲಸವನ್ನು ಭೌಗೋಳಿಕ ಸೂಚ್ಯಂಕ ಪಡೆದ ಮೈಸೂರು ವೀಳ್ಯದೆಲೆ ಅಡಿಕೆಯ ನೆರವಿನಿಂದ ಮಾಡುತ್ತದೆ. ಎಲೆಯಿಲ್ಲದ ಸುಣ್ಣ ಬರೀ ಬಿಳಿ. ಬಿಳಿಚುವ ಪಿಡುಗೂ ಇಲ್ಲಿದೆ, ಆದರೆ ಕಾರಣ ತಾಪಮಾನವಲ್ಲ. ಮಂತ್ರಿಗಳ ಭೇಟಿ ಗೊತ್ತಾದ ರಾತ್ರಿ ಇಡೀ ದಿಬ್ಬ ನೆಲದಿಂದ ನಾಲ್ಕಡಿಯವರೆಗೆ ಏಕಾಏಕಿ ಬೆಳ್ಳಗಾಗುತ್ತದೆ. ಚೇತರಿಕೆಯಲ್ಲಿ ಮಾತ್ರ ನಮ್ಮದೇ ಮೇಲುಗೈ. ಕಡಲಿನ ಹವಳಕ್ಕೆ ವರ್ಷಗಳು ಬೇಕು. ಇಲ್ಲಿ ಮಂತ್ರಿಗಳ ಕಾರು ಗೇಟು ದಾಟಿದರೆ ಸಾಕು. ನಿಜವಾದ ಆತಂಕ ಗುಟ್ಕಾದ್ದು. ಅದು ಬಂದಮೇಲೆ ದಿಬ್ಬಕ್ಕೆ ಹಿಂದಿನ ಕೆಂಪಿಲ್ಲ, ಬುಡದಲ್ಲಿ ಹೊಳೆಯುವ ಪೊಟ್ಟಣಗಳ ರಾಶಿ ಬೇರೆ.

ನೇತ್ರಾಣಿಗೆ ಹೋಗಿ ಬಂದವರು ಈ ಸಿದ್ಧಾಂತವನ್ನು ಕೇಳಿ ನಗುತ್ತಾರೆ. 2022ರ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲೆ ನಮ್ಮ ಕಡೆಯ ಹುಡುಗರಿಗೂ ಅದೇ ಹುಚ್ಚು. ನಗುವವರು ಗಮನಿಸಲಿ: ಅಲ್ಲಿಗೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಹೋಗಬೇಕು, ಅರ್ಧದಾರಿಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ, ಮಳೆಗಾಲದಲ್ಲಿ ಬಾಗಿಲು ಬಂದ್. ಆ ದ್ವೀಪ ನೌಕಾಪಡೆಯ ಗುರಿ ಅಭ್ಯಾಸಕ್ಕೂ ಬಳಕೆಯಾಗಿದೆ. ನಮ್ಮ ದಿಬ್ಬವನ್ನು ಗುರಿಯಿಡುವವರು ಇದ್ದಾರಾದರೂ ಆಯುಧ ಸೌಮ್ಯ. ಕಚೇರಿ ವೇಳೆಯಲ್ಲಿ, ಚಪ್ಪಲಿ ಕೂಡ ಬಿಚ್ಚದೆ, ನೋಡಿಕೊಂಡು ಬರಬಹುದು. ಗೋಡೆಗೆ ಒರಗಬಾರದು, ಅಷ್ಟೇ.

ದಿಬ್ಬ ಕಟ್ಟುವ ಹವಳ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದೆ, ಹುಲಿ ಆನೆಗಳ ಸಾಲಿಗೆ. ಹಾಗಾಗಿ ಬ್ರಷ್ಷು, ಸುಣ್ಣದ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುವವರ ಮೇಲೆ ಕ್ರಮ ಜರುಗಿಸಬೇಕೆಂದು ಮೂರು ಪ್ರತಿಗಳಲ್ಲಿ ಮನವಿ ಬರೆದು ಪ್ರಬಂಧಕಾರ ಅದೇ ಕಚೇರಿಗೆ ಹೋದ. ಟಪಾಲು ವಿಭಾಗದವರು ಮನವಿಯನ್ನು ಕೊನೆಯ ಸಾಲಿನವರೆಗೂ ಓದಿದರು. ಬಾಯಿ ತುಂಬಿದ್ದರಿಂದ ಏನೂ ಹೇಳಲಾಗದೆ, ಗಲ್ಲ ಮೇಲೆತ್ತಿಕೊಂಡೇ ನಾಳೆ ಬಾ ಎಂದು ಕೈಸನ್ನೆ ಮಾಡಿ, ಮೂಲೆಯ ಕಡೆಗೆ ಎದ್ದು ಹೋದರು.