ನಿರುತ್ಸಾಹ ಇಲಾಖೆಯ ಅಗತ್ಯ: ಅವಳಿ ನಗರದ ಸ್ವಯಂಸೇವೆ ಕುರಿತು ಒಂದು ಶಾಸ್ತ್ರೀಯ ವಿಚಾರ

ನಾಗರಿಕರು ಸ್ವಂತ ಮನಸ್ಸಿನಿಂದ ಸೇವೆಗೆ ಮುಂದಾಗಬೇಕೆಂದು ಸರ್ಕಾರ ಕರೆ ಕೊಡುತ್ತದೆ; ನಾಗರಿಕರು ಆ ಕರೆಯನ್ನು ಮರ್ಯಾದೆಯಿಂದ ಕೇಳಿ, ಚಪ್ಪಾಳೆ ತಟ್ಟಿ, ಮನೆಗೆ ಹೋಗುತ್ತಾರೆ. ಈ ಕರೆಗೂ ಆ ಹೋಗುವಿಕೆಗೂ ಇರುವ ಕಾರ್ಯಕಾರಣ ಸಂಬಂಧವನ್ನು ಶಾಸ್ತ್ರಕಾರರು ಯಾರೂ ನೆಟ್ಟಗೆ ವಿಚಾರಿಸಿದಂತಿಲ್ಲ. ಆಡಳಿತ ಬಲ್ಲವರು ಪ್ರಚಾರದ ಕೊರತೆ ಎನ್ನುತ್ತಾರೆ. ಸಮಾಜ ಬಲ್ಲವರು ಮೌಲ್ಯಗಳ ಕುಸಿತ ಎನ್ನುತ್ತಾರೆ. ಎರಡನ್ನೂ ಬಲ್ಲ ಧಾರವಾಡದ ಸಪ್ತಾಪುರದ ಕಟ್ಟೆಯ ನಿವೃತ್ತರು ‘ಈಗಿನ ಹುಡುಗೂರು ಹಿಂಗ ನೋಡ್ರಿ’ ಎಂದು ವಿಷಯವನ್ನೇ ಮುಗಿಸುತ್ತಾರೆ. ಮೂರು ಮತಗಳಲ್ಲೂ ಅಡಗಿರುವ ದೋಷ ಒಂದೇ: ಪ್ರೋತ್ಸಾಹ ಸಾಲದ್ದರಿಂದ ಸೇವೆ ಸೊರಗಿತು ಎಂದು ಮೂವರೂ ಪರೀಕ್ಷೆ ಮಾಡದೆ ಒಪ್ಪಿಕೊಂಡಿದ್ದಾರೆ. ಹುಬ್ಬಳ್ಳಿ-ಧಾರವಾಡದ ನೂರು ವರ್ಷದ ಸಾಕ್ಷ್ಯ ಹೇಳುವುದು ಇದರ ಉಲ್ಟಾ. ಸೇವೆ ಸೊರಗಿದ್ದು ಪ್ರೋತ್ಸಾಹದಿಂದಲೇ. ಸೇವೆಯನ್ನು ಬೆಳೆಸಲು ಸರ್ಕಾರದ ಬಳಿ ಪರೀಕ್ಷಿತವಾದ ಸಾಧನಗಳು ಎರಡು ಮಾತ್ರ. ಒಂದು ನಿಷೇಧ, ಇನ್ನೊಂದು ನಿರ್ಲಕ್ಷ್ಯ. ಮೊದಲನೆಯದನ್ನು ಇಂಗ್ಲಿಷರು ಅರಿಯದೆ ಬಳಸಿದರು. ಎರಡನೆಯದನ್ನು ನಮ್ಮವರು ಅರಿಯದೆ ಬಳಸುತ್ತಿದ್ದಾರೆ. ಎರಡನ್ನೂ ಅರಿತು, ಒಂದು ಇಲಾಖೆಯಡಿ ತಂದು ಬಳಸಬೇಕೆಂಬುದು ಈ ಪ್ರಬಂಧದ ಪ್ರತಿಜ್ಞೆ.

ಮೊದಲು ಪ್ರತ್ಯಕ್ಷ ಪ್ರಮಾಣ. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು ಅಮೆರಿಕದಲ್ಲಿ ಓದಿ ಬಂದವರು. ದವಾಖಾನೆ ಹಾಕಿ ಸುಖವಾಗಿರುವುದನ್ನು ಬಿಟ್ಟು ಹುಬ್ಬಳ್ಳಿಯಲ್ಲಿ ಹುಡುಗರನ್ನು ಕೂಡಿಸಿ ಸೇವಾ ಮಂಡಲ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹೋದ ಆ ಮಂಡಲದವರು ಸೆರೆಯಾದರು, ಕ್ಷಮೆ ಬರೆದುಕೊಟ್ಟು ಹೊರಬರಲು ಒಲ್ಲೆವೆಂದರು. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ ನೆಹರೂ, ಜೀವಾಳ ಹುಬ್ಬಳ್ಳಿಯದು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನಕ್ಕೆ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಮನೆಮನೆ ಸುತ್ತಿ ನೂರೈವತ್ತಕ್ಕೂ ಮಿಕ್ಕಿ ಹೆಣ್ಣುಮಕ್ಕಳನ್ನು ಸೇವಕಿಯರಾಗಿ ಕರೆತಂದರು, ವಿಧವೆಯರನ್ನೂ ಸೇರಿಸಿ. ಆ ಕಾಲದಲ್ಲಿ ವಿಧವೆಯನ್ನು ಅಂಗಳ ದಾಟಿಸುವುದು ಅಧಿವೇಶನ ನಡೆಸುವುದಕ್ಕಿಂತ ಕಷ್ಟದ ಕೆಲಸ. ಇಷ್ಟು ಜನಕ್ಕೆ ಸರ್ಕಾರ ಕೊಟ್ಟ ಪ್ರೋತ್ಸಾಹವೇನು? ಲಾಠಿ ಮತ್ತು ಸೆರೆಮನೆ. 1932ರಲ್ಲಿ ಸೇವಾದಳವನ್ನೇ ನಿಷೇಧಿಸಿತು. ಉಮಾಬಾಯಿ ಯರವಡಾ ಜೈಲಿನಿಂದ ಮರಳುವ ಹೊತ್ತಿಗೆ ಅವರ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಹೆಣ್ಣುಮಕ್ಕಳ ಸಂಘವಾದ ಭಗಿನಿ ಮಂಡಲ ಕಾನೂನುಬಾಹಿರವಾಗಿತ್ತು. ಆಮೇಲೂ ಅವರು ಸೇವೆ ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರ, ಪಿಂಚಣಿ ಬಂದಾಗ ಮಾತ್ರ ಬೇಡವೆಂದರು. ನಮ್ಮ ಸಿದ್ಧಾಂತವನ್ನು ನಮಗಿಂತ ಮೊದಲೇ ಬಲ್ಲವರಾಗಿದ್ದರು ಎಂದು ಅನುಮಾನ ಮಾಡಬಹುದು.

ಈಗ ಪ್ರೋತ್ಸಾಹದ ಯುಗಕ್ಕೆ ಬರೋಣ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ ಶ್ರಮದಾನ ಸರ್ಕಾರಿ ಕಡತ ಸೇರಿತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಬಂತು. ಎರಡೂ ಗಾಂಧಿ ಜಯಂತಿಯಂದೇ, ಅಂದರೆ ಸಾರ್ವತ್ರಿಕ ರಜೆಯಂದೇ. ರಜೆಯ ದಿನ ಕೆಲಸ ಹಚ್ಚಿದ್ದನ್ನು ನಮ್ಮ ನೌಕರ ವರ್ಗ ಮೂರು ತಲೆಮಾರು ಮರೆಯುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ. 2014ರ ಪ್ರಮಾಣವಚನದಂತೆ ಪ್ರತಿಯೊಬ್ಬರೂ ವರ್ಷಕ್ಕೆ 100 ತಾಸು, ಅಂದರೆ ವಾರಕ್ಕೆ ಎರಡು ತಾಸು, ಸ್ವಚ್ಛತೆಗೆ ಕೊಡಬೇಕು. ಲೆಕ್ಕ ಹಾಕಿ ನೋಡುವಾ. 2011ರ ಜನಗಣತಿಯಂತೆ ಅವಳಿ ನಗರದ ಜನ 9.43 ಲಕ್ಷ. ಕೂಸುಗಳು, ಹಾಸಿಗೆ ಹಿಡಿದವರು, ಮಂಡಿನೋವಿನವರು, ಬೆಂಗಳೂರಿಗೆ ಹೋದವರು ಎಂದು ಅರ್ಧಕ್ಕರ್ಧ ಕಳೆದರೂ ವರ್ಷಕ್ಕೆ 4.7 ಕೋಟಿ ತಾಸಾಯಿತು. ಪೌರಕಾರ್ಮಿಕರೊಬ್ಬರು ದಿನಕ್ಕೆ 8 ತಾಸಿನಂತೆ 300 ದಿನ ದುಡಿದರೆ 2,400 ತಾಸು. ಭಾಗಿಸಿದರೆ ಸುಮಾರು 19,600 ಪೌರಕಾರ್ಮಿಕರ ದುಡಿತ ಪುಕ್ಕಟೆ ಸಿಗುತ್ತದೆ. 700 ಜನರಿಗೆ ಒಬ್ಬರು ಎಂಬ ಸರ್ಕಾರದ್ದೇ ಲೆಕ್ಕದಂತೆ ಈ ಊರಿಗೆ ಬೇಕಾದವರು 1,350ರ ಆಸುಪಾಸು. ಬೇಕಾದುದಕ್ಕಿಂತ ಹದಿನಾಲ್ಕು ಪಟ್ಟು ಹೆಚ್ಚು ಕಸಬರಿಗೆಗಳು ಬೀದಿಗಿಳಿದಿದ್ದರೆ ಮೊದಲ ತಿಂಗಳಲ್ಲೇ ಕಸ ತೀರಿ, ಗದಗ, ಹಾವೇರಿಯಿಂದ ಕಸ ತರಿಸಬೇಕಾಗುತ್ತಿತ್ತು. ಹೊರಜಿಲ್ಲೆಯಿಂದ ಕಸ ಆಮದು ಮಾಡಿಕೊಳ್ಳಲು 82 ವಾರ್ಡುಗಳ ಪೈಕಿ ಒಂದರಿಂದಲೂ ಬೇಡಿಕೆ ಬಂದಂತಿಲ್ಲ. ಆದ್ದರಿಂದ ಪ್ರಮಾಣ ಪಾಲನೆಯಾಗಿಲ್ಲವೆಂಬುದು ಸಿದ್ಧ.

ಏಕೆ ಆಗಲಿಲ್ಲ ಎಂಬುದಕ್ಕೆ ಪ್ರೋತ್ಸಾಹಿತ ಸೇವೆಯ ಅಂಗರಚನೆಯನ್ನು ಹತ್ತಿರದಿಂದ ನೋಡಬೇಕು. 2023ರ ಅಕ್ಟೋಬರ್ 1, ಭಾನುವಾರ, ಮುಂಜಾನೆ 10 ಗಂಟೆಗೆ ದೇಶವಿಡೀ ಒಂದು ತಾಸು ಶ್ರಮದಾನ ಮಾಡಬೇಕೆಂದು ಕರೆ ಬಂದಿತ್ತು. ಇಂಥ ಶ್ರಮದಾನದ ಮೊದಲ ಅಂಗ ಫ್ಲೆಕ್ಸ್. ಫ್ಲೆಕ್ಸ್ ಕಟ್ಟುವವರು ಸ್ವಯಂಸೇವಕರಲ್ಲ, ಅವರಿಗೆ ಪಗಾರವುಂಟು. ಹಾಗಾಗಿ ಕಾರ್ಯಕ್ರಮದಲ್ಲಿ ನಿಜವಾಗಿ ನಡೆಯುವ ದುಡಿತ ಅದೊಂದೇ. ಎರಡನೆಯದು ಹೊಸ ಕಸಬರಿಗೆ, ಹಿಡಿಕೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹರಿಯದ್ದು. ಮೂರನೆಯದು ಕಸ. ಮುಂಜಾನೆ ಆರಕ್ಕೇ ಪೌರಕಾರ್ಮಿಕ ಹೆಣ್ಣುಮಗಳು ಗುಡಿಸಿ ಹೋದ ಜಾಗದಲ್ಲಿ ಕಸ ಇರುವುದಿಲ್ಲವಾದ್ದರಿಂದ ಒಣ ಎಲೆಗಳನ್ನು ಒಂದು ಚೀಲದಲ್ಲಿ ತಂದು ಹದವಾಗಿ ಹರಡಬೇಕಾಗುತ್ತದೆ. ನಾಲ್ಕನೆಯದು ಗಣ್ಯರು, ಐದನೆಯದು ಫೋಟೋ, ಆರನೆಯದು ಆ ಫೋಟೋವನ್ನು ಜಾಲತಾಣಕ್ಕೆ ಏರಿಸುವುದು. ಏಳನೆಯದಾದ ಉಪ್ಪಿಟ್ಟು-ಚಹಾದ ನಂತರ ಕಾಗದದ ತಟ್ಟೆ-ಕಪ್ಪುಗಳು ಅಲ್ಲೇ ಬೀಳುತ್ತವೆ; ಮಧ್ಯಾಹ್ನ ಅದೇ ಹೆಣ್ಣುಮಗಳು ಮತ್ತೊಮ್ಮೆ ಬರುತ್ತಾಳೆ. ಒಂದು ತಾಸಿನ ಸ್ವಯಂಸೇವೆ ಎರಡು ತಾಸಿನ ಸಂಬಳದ ಕೆಲಸ ಹುಟ್ಟಿಸುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಉದ್ಯೋಗ ಸೃಷ್ಟಿಯ ತಲೆಬರಹದಡಿ ಅಭ್ಯಾಸ ಮಾಡಬೇಕು. ಅದೇ ವರ್ಷದ ಜನವರಿಯಲ್ಲಿ, 12ರಿಂದ 16ರವರೆಗೆ, ಇಲ್ಲಿಯೇ 26ನೆಯ ರಾಷ್ಟ್ರೀಯ ಯುವಜನೋತ್ಸವ ನಡೆದು ಪ್ರಧಾನಿಯವರೇ ಹುಬ್ಬಳ್ಳಿಯ ರೈಲ್ವೆ ಮೈದಾನದಲ್ಲಿ ಯುವಶಕ್ತಿಯನ್ನು ಹುರಿದುಂಬಿಸಿದ್ದರು. ಅಕ್ಟೋಬರ್ 31ರಂದು ಯುವಕರ ಸೇವೆಗೆಂದೇ ‘ಮೇರಾ ಯುವ ಭಾರತ’ ಎಂಬ ವೇದಿಕೆಯೂ ಬಂತು. ಒಂದೇ ವರ್ಷ ಇಷ್ಟು ಹುರುಪು ಹಾಕಿಸಿಕೊಂಡ ಊರು ಬೇರೆ ಸಿಗಲಿಕ್ಕಿಲ್ಲ. ಆದರೂ ಹುಬ್ಬಳ್ಳಿಯ ದುರ್ಗದಬೈಲಿನ ಸಂಜೆಯ ಕಸ ಆ ವರ್ಷ ಇದ್ದಷ್ಟೇ ಇತ್ತು.

ಎರಡನೆಯ ಸಾಧನವಾದ ನಿರ್ಲಕ್ಷ್ಯಕ್ಕೆ ಬರೋಣ. ಅವಳಿ ನಗರದ ಹಲವು ಬಡಾವಣೆಗಳಲ್ಲಿ ನಲ್ಲಿಗೆ ನೀರು ವಾರಕ್ಕೊಮ್ಮೆ, ಕೆಲವೆಡೆ ಅದಕ್ಕೂ ತಡವಾಗಿ ಬರುವುದು ಹಳೆಯ ಸಂಗತಿ. ಬರುವ ಹೊತ್ತು ನಿಶ್ಚಯವಿಲ್ಲ. ನಡುರಾತ್ರಿ ಎರಡಕ್ಕೂ ಬರಬಹುದು. ಆಗ ಓಣಿಯಲ್ಲಿ ಯಾರಿಗಾದರೂ ಮೊದಲು ಎಚ್ಚರವಾಗುತ್ತದೆ. ಆ ವ್ಯಕ್ತಿ ತನ್ನ ಕೊಡಕ್ಕಿಂತ ಮೊದಲು ಪಕ್ಕದ ಮನೆಯ ಗೇಟು ಬಡಿದು, ‘ಅಕ್ಕಾರ, ನೀರ ಬಂದಾವ್ರೀ’ ಎಂದು ಕೂಗುತ್ತಾನೆ. ಅಕ್ಕಾರು ಎದ್ದು ಎದುರು ಮನೆಯ ಕಾಕಾರನ್ನು ಎಬ್ಬಿಸುತ್ತಾರೆ. ಊರಿಗೆ ಹೋದವರ ಸಿಂಟೆಕ್ಸನ್ನು ಕೀಲಿ ಇಟ್ಟುಕೊಂಡವರು ತುಂಬಿಸುತ್ತಾರೆ. ಐದು ನಿಮಿಷದಲ್ಲಿ ಓಣಿಗೆ ಓಣಿಯೇ ಸೇವೆಗೆ ನಿಂತಿರುತ್ತದೆ. ಫ್ಲೆಕ್ಸ್ ಇಲ್ಲ, ಪ್ರಮಾಣವಚನ ಇಲ್ಲ, ಹಾಜರಿ ನೂರಕ್ಕೆ ನೂರು. ಇದಕ್ಕೆ ವ್ಯತಿರೇಕದ ದೃಷ್ಟಾಂತವೂ ಊರೊಳಗೇ ಇದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 2008ರಿಂದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಹರಿಯಿತು. ಅಲ್ಲಿ ರಾತ್ರಿ ಯಾರೂ ಯಾರನ್ನೂ ಎಬ್ಬಿಸಬೇಕಿಲ್ಲ, ಎಬ್ಬಿಸಿದರೆ ಬೈಸಿಕೊಳ್ಳಬೇಕು. ಸರ್ಕಾರ ತನ್ನ ಕೆಲಸ ತಾನು ಮಾಡಿದಲ್ಲೆಲ್ಲ ನಾಗರಿಕ ಪ್ರಜ್ಞೆ ಮಲಗಿ ನಿದ್ರಿಸಿತು. ರಸ್ತೆಯ ಗುಂಡಿಯದೂ ಇದೇ ಕತೆ. ಮಳೆಗಾಲದ ಗುಂಡಿಯಲ್ಲಿ ಬೇವಿನ ಟೊಂಗೆ ನೆಟ್ಟು, ತುದಿಗೆ ಕೆಂಪು ಚಿಂದಿ ಕಟ್ಟಿ ಹೋಗುವ ಮಹಾನುಭಾವನ ಹೆಸರು ಯಾರಿಗೂ ಗೊತ್ತಿಲ್ಲ. ಡಾಂಬರು ಬಿದ್ದ ದಿನ ಆತ ನಿರುದ್ಯೋಗಿ.

ಇನ್ನು ಪೂರ್ವಪಕ್ಷಿಗಳ ಆಕ್ಷೇಪಗಳು. ಪರಕೀಯರ ಕಾಲದ ಉದಾಹರಣೆ ಇಂದಿಗೆ ಸಲ್ಲದು ಎಂಬುದು ಮೊದಲನೆಯದು. ಹಾಗಾದರೆ 2020ರ ಮಾರ್ಚ್ 25ರಿಂದ ನಡೆದದ್ದನ್ನು ನೋಡಿ. ಮನೆ ಬಿಟ್ಟು ಹೊರಬರಬಾರದೆಂದು ಸ್ವದೇಶಿ ಸರ್ಕಾರವೇ ಆಜ್ಞೆ ಮಾಡಿತು, ಹೊರಬಂದವರಿಗೆ ಲಾಠಿ ಬಿತ್ತು. ಒಂದು ತಾಸು ಕೊಡಿರೆಂದರೂ ಕೊಡದ ಜನ ಆಗ ಪುಲಾವ್, ಚಪಾತಿ ಪೊಟ್ಟಣ ಕಟ್ಟಿಕೊಂಡು, ಪಾಸಿಗಾಗಿ ಕಚೇರಿಗಳ ಮುಂದೆ ಕಾಡಿಬೇಡಿ, ದಾರಿಯಲ್ಲಿ ಸಿಕ್ಕಿಕೊಂಡ ಕೂಲಿಗಳಿಗೆ ಊಟ ಹಂಚಿದರು. ಸೇವೆ ಮಾಡಲು ಅನುಮತಿ ಕೊಡಿ ಎಂದು ಜನ ಸಾಲುಗಟ್ಟಿದ ಕಾಲ ಸ್ವತಂತ್ರ ಭಾರತದಲ್ಲಿ ಅದೊಂದೇ ಇರಬೇಕು.

ರಾಷ್ಟ್ರೀಯ ಸೇವಾ ಯೋಜನೆ ಗೆದ್ದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಗೌರವಕ್ಕೆ ಅರ್ಹವಾದದ್ದು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆಯಿದು; ಎರಡು ವರ್ಷದಲ್ಲಿ 240 ತಾಸು ಸೇವೆ, ಜೊತೆಗೊಂದು ಏಳು ದಿನದ ಶಿಬಿರ. ಆದರೆ ವಿಭಜಿಸಿ ನೋಡಿದರೆ, 240 ತಾಸಿನ ಬಹುಭಾಗ ನಡೆಯುವುದು ಹಾಜರಿ ಪುಸ್ತಕದಲ್ಲಿ. ಹುಡುಗರಿಗೆ ಮೈಬಗ್ಗುವುದು ಶಿಬಿರದಲ್ಲಿ: ಹಳ್ಳಿಯ ಶಾಲೆಯ ನೆಲದ ಮೇಲೆ ನಿದ್ದೆ, ತಣ್ಣೀರ ಸ್ನಾನ, ನೆಟ್‌ವರ್ಕ್ ಸಿಗದ ಮೊಬೈಲು. ಅಂದರೆ ಯೋಜನೆ ಫಲ ಕೊಟ್ಟಿದ್ದು ಸವಲತ್ತು ಇಲ್ಲದಲ್ಲಿ. ಆಕ್ಷೇಪ ನಮ್ಮ ಪಕ್ಷಕ್ಕೇ ಸಾಕ್ಷಿಯಾಯಿತು. ಇನ್ನು ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ನಿಷೇಧವೂ ಇಲ್ಲ, ನಿರ್ಲಕ್ಷ್ಯವೂ ಇಲ್ಲ, ಜನ ಸೇವೆಗೆ ಬರುತ್ತಾರಲ್ಲ ಎಂದು ಅವ್ಯಾಪ್ತಿ ದೋಷ ತೋರಿಸುವವರುಂಟು. ಅಲ್ಲಿ ಕಾಯಿಪಲ್ಯ ಹೆಚ್ಚಲು ಕೂತವರ ಹೆಸರು ಯಾರೂ ಬರೆದುಕೊಳ್ಳುವುದಿಲ್ಲ, ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಪ್ರೋತ್ಸಾಹದ ಅಭಾವವೂ ನಿರ್ಲಕ್ಷ್ಯದ ಒಂದು ಪ್ರಭೇದವೇ ಆದ್ದರಿಂದ ದೋಷವಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಸರ್ಕಾರ ಸೇವೆಯನ್ನು ನಿಷೇಧಿಸಿದ ಮೇಲೆ ಜನ ಅದನ್ನು ಪಾಲಿಸಿಬಿಟ್ಟರೆ ಗತಿಯೇನು? ಈ ಭಯಕ್ಕೆ ಆಧಾರವಿಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲವನ್ನು 2016ರಲ್ಲಿ ನಿಷೇಧಿಸಲಾಯಿತು. 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಆಯ್ದ ಪ್ಲಾಸ್ಟಿಕ್ ವಸ್ತುಗಳಿಗೆ ದೇಶವೇ ನಿಷೇಧ ಹೇರಿತು. ಸಂಶಯವಿದ್ದವರು ಧಾರವಾಡದ ಸುಭಾಸ ರಸ್ತೆಯಲ್ಲಿ ಕೊತ್ತಂಬರಿ ಕೊಂಡು ಅದು ಯಾವುದರಲ್ಲಿ ಬರುತ್ತದೆ ನೋಡಲಿ. ‘ಇಲ್ಲಿ ಕಸ ಹಾಕಬಾರದು’ ಎಂಬ ಫಲಕ ಊರಿನ ಕಸ ಎಲ್ಲಿದೆ ಎಂಬುದನ್ನು ನಕಾಶೆಗಿಂತ ಖಚಿತವಾಗಿ ತೋರಿಸುತ್ತದೆ. ಅದೇ ಕಂಬಕ್ಕೆ ‘ಇಲ್ಲಿ ಗುಡಿಸಬಾರದು, ತಪ್ಪಿದಲ್ಲಿ ದಂಡ’ ಎಂದು ಬರೆಸಿದರೆ ಆಗುವುದೇನೆಂದು ಊಹಿಸಲು ಶಾಸ್ತ್ರ ಓದಬೇಕಿಲ್ಲ.

ಆದ್ದರಿಂದ ನಿರುತ್ಸಾಹ ಇಲಾಖೆಯೊಂದನ್ನು ಸ್ಥಾಪಿಸತಕ್ಕದ್ದು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಎಂಬ ಜಗಳ ಹೇಗೂ ಆಗುವುದರಿಂದ ಎರಡರ ನಡುವಿನ ನವನಗರದಲ್ಲಿಡುವುದು ಕ್ಷೇಮ. ಗಿಡ ನೆಡಲು ಲೈಸೆನ್ಸು, ರಕ್ತ ಕೊಡಲು ಮೂರು ಪ್ರತಿಯಲ್ಲಿ ಅರ್ಜಿ, ಕೆಳಗೇರಿ ಕೆರೆಯ ದಂಡೆಯಲ್ಲಿ ಬಾಟಲಿ ಆರಿಸುವವರ ಮೇಲೆ ಕಣ್ಣಿಡಲು ಒಬ್ಬ ಗಾರ್ಡು, ಮುದುಕರಿಗೆ ರಸ್ತೆ ದಾಟಿಸುವವರಿಗೆ ನೋಟಿಸು, ಇವು ಮೊದಲ ಹಂತ. ಯಾರಿಗೂ ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ ಸಲ್ಲದು. ಅರ್ಧ ಫೇಡೆಯನ್ನೂ ಕೊಡಕೂಡದು. ಇಲಾಖೆಯ ಫಲ ಕಂಡು ಹಿಗ್ಗಿದ ಮಂತ್ರಿಗಳು ಉತ್ತಮ ಸ್ವಯಂಸೇವಕ ಪ್ರಶಸ್ತಿ ಘೋಷಿಸುವ ಅಪಾಯವಿರುವುದರಿಂದ ವಾರ್ಷಿಕ ವರದಿಯನ್ನು ಗುಟ್ಟಾಗಿಡಬೇಕು. ಇದೂ ಸರ್ಕಾರಿ ಇಲಾಖೆಯೇ ಆದ್ದರಿಂದ ಹುದ್ದೆಗಳು ಖಾಲಿ ಬೀಳುತ್ತವೆ, ಕಡತ ಕೊಳೆಯುತ್ತದೆ, ನಿರುತ್ಸಾಹಗೊಳಿಸುವ ಕೆಲಸವೂ ಸರಿಯಾಗಿ ಆಗುವುದಿಲ್ಲ ಎಂದು ಹಣಕಾಸು ಇಲಾಖೆ ತಕರಾರು ತೆಗೆಯಬಹುದು. ಇಲಾಖೆ ದುಡಿದರೆ ನಿಷೇಧ ಸಾಧಿಸಿತು, ದುಡಿಯದಿದ್ದರೆ ನಿರ್ಲಕ್ಷ್ಯ ಸಾಧಿಸಿತು. ಎರಡರಲ್ಲಿ ಯಾವುದಾದರೂ ಊರು ಸೇವೆಗೆ ಇಳಿಯುವುದು ಖಚಿತ. ಹಣ ಮಂಜೂರು ಮಾಡಲು ಇನ್ನು ಯಾವ ಅಡ್ಡಿಯೂ ಕಾಣುವುದಿಲ್ಲ; ಮಂಜೂರು ಮಾಡದಿದ್ದರಂತೂ ಇನ್ನೂ ಉತ್ತಮ, ಜನ ಪಟ್ಟಿ ಎತ್ತಿ ಇಲಾಖೆಯನ್ನು ತಾವೇ ನಡೆಸುತ್ತಾರೆ.