ಹಲ್ಲು ಎಣಿಸಿದರೆ ಸಾಲದು

ಕಾಡುಮೇಡು ಹತ್ತಿಸುವ ಬೈಕಿಗೆ ಸ್ಪ್ರಾಕೆಟ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಬಂದವನಿಗೆ ಅಂಗಡಿಯವರ ಮೊದಲ ಪ್ರಶ್ನೆ: ‘ಹಳೇದು ತಂದಿದ್ದೀರಾ ಸಾರ್?’ ಇಲ್ಲವೆಂದರೆ, ಜಾತಕವಿಲ್ಲದೆ ಹೆಣ್ಣು ಕೇಳಲು ಬಂದವನನ್ನು ನೋಡುವ ನೋಟ.

ಹಲ್ಲಿನ ಲೆಕ್ಕ ಒಪ್ಪಿಸಿದರೆ ಮುಗಿಯದು. 428ರ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ 12.7 ಮಿ.ಮೀ., 520ರಲ್ಲಿ 15.875. ಒಂದರ ಚೈನು ಇನ್ನೊಂದರ ಹಲ್ಲಿಗೆ ಜಪ್ಪಯ್ಯ ಅಂದರೂ ಕೂರದು. ಹಿಂದಿನ ಸ್ಪ್ರಾಕೆಟ್ಟಿಗೆ ನಡುತೂತಿನ ಅಳತೆ, ಬೋಲ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ ಹೊಂದಬೇಕು. ಮುಂದಿನದಕ್ಕೆ ಶಾಫ್ಟಿನ ತೋಡುಗಳು (ಸ್ಪ್ಲೈನ್).

ಏರು ಹತ್ತಲು ಇನ್ನಷ್ಟು ಎಳೆತ ಬೇಕೆ? 13–48ರ ಜೋಡಿಯಲ್ಲಿ ಮುಂದೆ ಒಂದು ಹಲ್ಲು ಕಿತ್ತರೂ, ಹಿಂದೆ ನಾಲ್ಕು ಕಟ್ಟಿಸಿದರೂ ಅನುಪಾತ ಅದೇ 4.

ಕೊಳ್ಳುವಾಗ ಮಾತ್ರ ಚೈನು, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಕೊಳ್ಳಿ. ಸವೆದ ಚೈನು ಹೊಸ ಹಲ್ಲನ್ನೂ ಬೇಗ ತಿಂದುಹಾಕುತ್ತದೆ.