ಹಡಗಿನ ಮಾವ

ನಮ್ಮ ಕರಾವಳಿಯಲ್ಲಿ ಊರಿಗೊಬ್ಬ ಹಡಗಿನ ಮಾವ ಇರುತ್ತಾರೆ. ಮೂವತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ಬೆವರು ಸುರಿಸಿ, ನಿವೃತ್ತರಾಗಿ, ಊರಲ್ಲಿ ಮನೆ ಕಟ್ಟಿಸಿದವರು. ಹಡಗು ಅವರನ್ನು ಇಳಿಸಿ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಅವರು ಮಾತ್ರ ಹಡಗಿನಿಂದ ಇಳಿದಿರುವುದಿಲ್ಲ.

ನಮ್ಮ ಮಾವನ ಮನೆಯಲ್ಲಿ ಅಡಿಗೆಮನೆ ಎಂದರೆ ಗ್ಯಾಲಿ, ಬಾವಿಕಟ್ಟೆ ಎಂದರೆ ಪಂಪ್ ರೂಮ್. ಮಿಕ್ಸಿ ರಿಪೇರಿಯಾದ ತಾರೀಕು ಲಾಗ್ ಬುಕ್ಕಿನಲ್ಲಿ ದಾಖಲು. ಅತ್ತೆ ಬೋಂಡ ಕರಿದ ಬಾಣಲೆ ತೊಳೆಯಲು ಹೊರಟರೆ ಮಾವ ಬಚ್ಚಲ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ: ಇಂಜಿನ್ ರೂಮಿನ ತಳದ ನೀರನ್ನು ಸಮುದ್ರಕ್ಕೆ ಬಿಡುವಾಗ ಅದರಲ್ಲಿ ಎಣ್ಣೆ 10 ಲಕ್ಷ ಪಾಲಿಗೆ 15 ಪಾಲು ಮೀರಬಾರದು, ಮಾರ್ಪೋಲ್ ಒಪ್ಪಂದದ ನಿಯಮ! "ಇದು ಬಸಳೆ ಬುಡಕ್ಕೆ ಹೋಗುದು, ದಾರಿ ಬಿಡಿ" ಎಂದು ಅತ್ತೆ ಬಾಣಲೆಯನ್ನೇ ಮುಂದೆ ಹಿಡಿದು ನಡೆಯುತ್ತಾರೆ.

ಇಂಥ ಮಾವನ ಎದುರು ನಾನು ಬಾಯಿ ತಪ್ಪಿ ಆಡಿದ್ದು ಒಂದೇ ಮಾತು: "ದೋಣಿಗೊಂದು ಪಂಪು ಹಾಕಿಸಬೇಕು."

ಪಂಚಗಂಗಾವಳಿ ಹೊಳೆಯ ನಡುವಿನ ಕುದ್ರುವಿನಲ್ಲಿ ನಮಗೊಂದಿಷ್ಟು ತೆಂಗು ಉಂಟು. ಕಾಯಿ ತರಲು ಹದಿನೆಂಟು ಅಡಿಯ ಫೈಬರ್ ದೋಣಿ. ಮಳೆಗಾಲದ ಬೆಳಗ್ಗೆ ಎಣ್ಣೆ ಕ್ಯಾನು ಕತ್ತರಿಸಿ ಮಾಡಿದ ಮೊಗೆಯಲ್ಲಿ ದೋಣಿಯ ನೀರು ಗೋರಿ ಗೋರಿ ಸಾಕಾಗಿತ್ತು, ಅಷ್ಟೇ.

ಮಾವ ಕನ್ನಡಕ ಏರಿಸಿದರು. "ಒಂದು ರಾತ್ರಿಗೆ 100 ಮಿಲಿಮೀಟರ್ ಮಳೆ ಅಂತ ಇಟ್ಟುಕೋ. ನಿನ್ನ ದೋಣಿ ಆರು ಚದರ ಮೀಟರ್. ನೀರು 600 ಲೀಟರ್. ತೂಕ 600 ಕಿಲೋ. ಅಂದರೆ ಹತ್ತು ಜನ ರಾತ್ರಿಯಿಡೀ ನಿನ್ನ ದೋಣಿಯಲ್ಲಿ ಟಿಕೆಟ್ ಇಲ್ಲದೆ ಕೂತ ಹಾಗೆ." ಲಾಗ್ ಬುಕ್ಕಿನಲ್ಲಿ ಹೊಸ ಪುಟ ತೆರೆಯಿತು. ಆ ಪುಟ ಮುಗಿಯಲು ಎರಡು ತಿಂಗಳು ಹಿಡಿಯಿತು.

ಮಲ್ಪೆಯ ಅಂಗಡಿಯಲ್ಲಿ ಹುಡುಗ ಎರಡು ಡಬ್ಬಿ ಮುಂದಿಟ್ಟ: 500 ಗ್ಯಾಲನಿನದು, 1100 ಗ್ಯಾಲನಿನದು. "ಯಾವ ಗ್ಯಾಲನ್?" ಎಂದರು ಮಾವ. ಹುಡುಗ ಕಂಗಾಲು. ಅಮೆರಿಕದ ಗ್ಯಾಲನ್ 3.78 ಲೀಟರ್, ಇಂಗ್ಲೆಂಡಿನದು 4.54 ಎಂದು ಅವನಿಗೆ ಪಾಠವಾಯಿತು. ಅಮೆರಿಕದ ಲೆಕ್ಕದಲ್ಲಿ ದೊಡ್ಡದು ಗಂಟೆಗೆ 4,160 ಲೀಟರ್ ಎತ್ತುತ್ತದೆ ಎಂದು ನಾನು ಹಿಗ್ಗಿದೆ.

"ಡಬ್ಬಿಯ ಮೇಲೆ ಬರೆದದ್ದು ಮದುವೆ ದಲ್ಲಾಳಿ ಹೇಳಿದ ಸಂಬಳ ಮಾರಾಯ," ಎಂದರು ಮಾವ. "ನೀರನ್ನು ಒಂದಿಷ್ಟೂ ಮೇಲೆತ್ತದೆ ಅಳೆದ ಲೆಕ್ಕ ಅದು. ಪೈಪು ಒಂದು ಮೀಟರ್ ಏರಬೇಕು, ಎರಡು ಕಡೆ ತಿರುಗಬೇಕು, ಬ್ಯಾಟರಿ ಸ್ವಲ್ಪ ಬಾಡಿರುತ್ತದೆ. ಕಡಿತ ಎಲ್ಲ ಹೋಗಿ ಕೈಗೆ ಅರ್ಧ ಸಿಕ್ಕಿದರೆ ಪುಣ್ಯ." ದೊಡ್ಡದನ್ನೇ ತೆಗೆದುಕೊಂಡೆವು. ಬಳೆಬಳೆಯ ಅಗ್ಗದ ಪೈಪು ನಾನು ಮುಟ್ಟಿದ್ದೇ ತಡ, ಮಾವ ನನ್ನ ಕೈಗೆ ಹೊಡೆದರು: ಒಳಗೆ ನುಣುಪಾಗಿರಬೇಕು, ಇಲ್ಲದಿದ್ದರೆ ನೀರು ಪ್ರತಿ ಬಳೆಗೂ ತಡವರಿಸುತ್ತದೆ.

ಕೂರಿಸುವ ದಿನ ನಾನು ಡ್ರಿಲ್ ಹಿಡಿದು ದೋಣಿಯ ತಳಕ್ಕೆ ಬಗ್ಗಿದ್ದೆ. "ನಿಲ್ಲಿಸು!" ಹೊಳೆಯಾಚೆಯ ಕೊಕ್ಕರೆಗಳೂ ಎದ್ದವು. "ದೋಣಿಗೆ ತೂತು ಹೊಡೆದು, ಆ ತೂತಿನ ನೀರು ತೆಗೆಯಲಿಕ್ಕೆ ಪಂಪು ಕೂರಿಸುವವನು ನೀನೊಬ್ಬನೇ!" ತಳಕ್ಕೆ ಒಂದು ಹಲಗೆ ತುಂಡನ್ನು ರೆಸಿನ್ ಹಾಕಿ ಅಂಟಿಸಿ, ಸ್ಕ್ರೂ ಆ ಹಲಗೆಗೆ ಮಾತ್ರ ಹೊಡೆಯಬೇಕಂತೆ.

ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರಬೇಕು. ತಗ್ಗಿದ್ದರೆ ಪಂಪು ನಿಂತ ಮೇಲೆ ಹೊಳೆಯೇ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಹಾಗಾದರೆ ನೀರಿನ ಮಟ್ಟ ಯಾವುದು? ಖಾಲಿ ದೋಣಿಯದಲ್ಲ, ತುಂಬಿದ ದೋಣಿಯದು. ನೂರೈವತ್ತು ಕಾಯಿ ಹೊತ್ತು ತಂದು ದೋಣಿಗೆ ತುಂಬಿದೆ. ನನ್ನನ್ನು ಹಿಂಬದಿಯಲ್ಲಿ ಕೂರಿಸಿ ಮಾವ ಪೆನ್ಸಿಲ್ ಗೆರೆ ಎಳೆದರು. ಬುಕ್ಕಿನಲ್ಲಿ ಬರೆದದ್ದನ್ನು ಇಣುಕಿ ನೋಡಿದೆ: "ಕಾಯಿ 150. ಅಳಿಯ 1. ಹಿಂಭಾಗ ಇಳಿದದ್ದು ಮುಖ್ಯವಾಗಿ ಎರಡನೆಯದರಿಂದ."

ಕೊನೆಗೆ ವಯರು. ನೀರು ಏರಿದರೆ ತಾನೂ ತೇಲಿ ಪಂಪನ್ನು ಎಬ್ಬಿಸುವ ಫ್ಲೋಟ್ ಸ್ವಿಚ್ಚು ನೇರ ಬ್ಯಾಟರಿಗೆ, ಮನೆಯವರೆಲ್ಲ ಮಲಗಿದ್ದಾಗಲೂ ಅದು ಎಚ್ಚರವಿರಬೇಕು. ಎಲ್ಲಕ್ಕಿಂತ ಮೊದಲು ಫ್ಯೂಸು. "ಕಸ ಸಿಕ್ಕಿ ಪಂಪು ತಿರುಗದೆ ನಿಂತರೆ ವಯರು ಸುಡುತ್ತದೆ. ಆದ್ದರಿಂದ ಫ್ಯೂಸಿಲ್ಲದೆ ಯಾವ ಪಂಪನ್ನೂ ಓಡಿಸಬಾರದು. ಯಾವ ಪಂಪನ್ನೂ!" ಎಂದು ಬೆರಳೆತ್ತಿ ಎರಡು ಸಲ ಹೇಳಿದರು.

ಎಲ್ಲ ಸರಿಯಾಯಿತು, ಆದರೆ ಆಗಿನ್ನೂ ಮೇ ತಿಂಗಳು. ದೋಣಿಯಲ್ಲಿ ಒಂದು ಹನಿ ನೀರಿಲ್ಲ. ಮಾವ ದಿನಾ ಸಂಜೆ ಬಂದು, ಬಾವಿ ತೋಡಿಸಿದವರ ಹಾಗೆ, "ನೀರು ಬಂತಾ?" ಎಂದು ಕೇಳುತ್ತಿದ್ದರು. ಐದನೆಯ ದಿನ ತಡೆಯಲಾಗಲಿಲ್ಲ. ಲುಂಗಿ ಎತ್ತಿ ಕಟ್ಟಿ ಹೊಳೆಗೆ ಇಳಿದು ಕೊಡಪಾನದಲ್ಲಿ ನೀರು ತುಂಬಿ ತುಂಬಿ ದೋಣಿಗೆ ಹೊಯ್ದರು. ಫ್ಲೋಟು ಎದ್ದಿತು, ಪಂಪು ಗುಂಯ್ ಎಂದಿತು, ಪೈಪಿನಿಂದ ನೀರು ಕಮಾನಾಗಿ ಹೊಳೆಗೆ ಬಿತ್ತು. ಮಾವ ಮೊಮ್ಮಗನ ಮೊದಲ ಹೆಜ್ಜೆ ಕಂಡವರಂತೆ ನಿಂತರು.

ದಡದಲ್ಲಿ ಬಲೆ ಹೊಲಿಯುತ್ತಿದ್ದ ಅಜ್ಜ ಸೂಜಿ ನಿಲ್ಲಿಸಿದ. "ಹ್ವಾಯ್, ದೋಣಿಗೆ ನೀರ್ ಹೊಯ್ವರ್‌ನ ನಾ ಇವತ್ತೇ ಕಂಡದ್."

ಜೂನ್ ಬಂತು. ಒಂದು ರಾತ್ರಿ ಆಕಾಶ ಹರಿದ ಹಾಗೆ ಸುರಿಯಿತು. ಬೆಳಗ್ಗೆ ನಮ್ಮ ದೋಣಿಯಲ್ಲಿ ಒಂದು ಲೋಟ ನೀರು. ಅಜ್ಜನ ದೋಣಿ ಅಂಚಿನವರೆಗೆ ತುಂಬಿ ಕೂತಿತ್ತು. ಅಜ್ಜನಿಗೆ ಜ್ವರ. ಈಗ ಮಾವ ಅಜ್ಜನ ಮನೆಯ ಜಗಲಿಗೆ ಹೋಗಿ ಒಂದು ಭಾಷಣ ಬಿಗಿಯುತ್ತಾರೆ ಎಂದುಕೊಂಡೆ. ಮಾವ ಏನೂ ಮಾತಾಡದೆ ಅಜ್ಜನ ದೋಣಿ ಹತ್ತಿ, ಕತ್ತರಿಸಿದ ಕ್ಯಾನು ಹಿಡಿದು ಗೋರತೊಡಗಿದರು. ನಾನು ಇನ್ನೊಂದು ಕ್ಯಾನು ತರುವಷ್ಟರಲ್ಲಿ ಗಡಿಯಾರ ನೋಡುತ್ತ ಬಾಯಲ್ಲಿ ಎಣಿಸುತ್ತಿದ್ದರು.

"ಬರೆದುಕೋ. ನಿಮಿಷಕ್ಕೆ 20 ಮೊಗೆ, ಮೊಗೆಗೆ 2 ಲೀಟರ್. ಗಂಟೆಗೆ 2,400 ಲೀಟರ್. 634 ಗ್ಯಾಲನ್, ಅಮೆರಿಕದ್ದು. ಕಡಿತ ಏನೂ ಇಲ್ಲ ಮಾರಾಯ, ಲೆಕ್ಕದಷ್ಟೂ ಕೈಗೇ ಬರುತ್ತದೆ!"

"ಫ್ಯೂಸು ಎಲ್ಲಿ ಮಾವ?" ಎಂದೆ.

ಮಾವ ನೆಟ್ಟಗಾಗಲು ನೋಡಿದರು. ಆಗಲಿಲ್ಲ. ಬಗ್ಗಿದಲ್ಲೇ ಒಂದು ಕೈ ಸೊಂಟಕ್ಕೆ ಹೋಯಿತು.

"ಇಲ್ಲಿ," ಎಂದರು. "ಹೋಯಿತು."